ಎಚ್‌ಡಿಎಲ್ ಇಳಿದಿದೆಯೇ? ಟ್ರೈಗ್ಲಿಸರೈಡ್ ನೋಡಿ

1. ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) ಸಾಲನ್ನು ಒಂಟಿಯಾಗಿ ಓದಬೇಡಿ. ‘ಎಚ್‌ಡಿಎಲ್ 31’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ ರೋಗಿಯ ಕಣ್ಣು ಅಲ್ಲೇ ನಿಲ್ಲುತ್ತದೆ. ನಾನು ಮೊದಲು ಹುಡುಕುವುದು ಟ್ರೈಗ್ಲಿಸರೈಡ್. ಅದು 290, 310 ಇದ್ದರೆ ಕಾರಣ ಬಹುಮಟ್ಟಿಗೆ ಅಲ್ಲೇ ಸಿಕ್ಕಂತೆ.

2. “ನನ್ನ ಮೈಯಲ್ಲಿ ಒಳ್ಳೆ ಕೊಲೆಸ್ಟ್ರಾಲ್ ಹುಟ್ಟೋದೇ ಇಲ್ವಾ ಡಾಕ್ಟ್ರೇ?” ಎಂದು ಕೇಳುವವರು ಬಹಳ. ಹುಟ್ಟುತ್ತದೆ, ಆದರೆ ಬೇಗ ಖಾಲಿಯಾಗುತ್ತದೆ. ಟ್ರೈಗ್ಲಿಸರೈಡ್ ಹೆಚ್ಚಿದ್ದವರ ಲಿವರ್, ವಿಎಲ್‌ಡಿಎಲ್ ಎಂಬ ಕೊಬ್ಬು ತುಂಬಿದ ಕಣಗಳನ್ನು ರಕ್ತಕ್ಕೆ ಹೆಚ್ಚಾಗಿ ಬಿಡುತ್ತದೆ. ಸಿಇಟಿಪಿ ಎಂಬ ಪ್ರೋಟೀನು ಆ ಕಣಗಳ ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ಗೆ ದಾಟಿಸಿ, ಬದಲಿಗೆ ಎಚ್‌ಡಿಎಲ್‌ನ ಕೊಲೆಸ್ಟ್ರಾಲನ್ನು ಒಯ್ಯುತ್ತದೆ. ಹೀಗೆ ಕೊಬ್ಬು ತುಂಬಿದ ಎಚ್‌ಡಿಎಲ್ ಮೇಲೆ ಲಿವರಿನ ಲೈಪೇಸ್ ಕಿಣ್ವ ಕೈಯಿಡುತ್ತದೆ. ಕೊಬ್ಬು ಕರಗಿ ಕಣ ಕುಗ್ಗಿದಾಗ, ಅದನ್ನು ಸುತ್ತಿಕೊಂಡಿದ್ದ ಎಪೊ ಎ-1 ಪ್ರೋಟೀನು ಸಡಿಲವಾಗಿ ಕಳಚಿಕೊಳ್ಳುತ್ತದೆ. ಒಂಟಿಯಾದ ಆ ಪ್ರೋಟೀನು ಕಿಡ್ನಿಯ ಜರಡಿಯಲ್ಲಿ ಇಳಿದುಹೋಗುತ್ತದೆ. ಅಲ್ಲಿನ ನಾಳದ ಕೋಶಗಳು ಅದನ್ನು ಹೀರಿ ಒಡೆದುಹಾಕುತ್ತವೆ. ನಾಲ್ಕೈದು ದಿನ ರಕ್ತದಲ್ಲಿ ಸುತ್ತಬೇಕಾದದ್ದು ಅದಕ್ಕೂ ಮೊದಲೇ ಮುಗಿಯುತ್ತದೆ.

3. ಇದು ಬರೀ ಊಹೆಯಲ್ಲ. ಕೆನಡಾದ ಬೆನ್ವಾ ಲಾಮಾರ್ಶ್, ಗ್ಯಾರಿ ಲೂಯಿಸ್ ಮತ್ತು ಸಂಗಡಿಗರು 1999ರಲ್ಲಿ ಆರೋಗ್ಯವಂತ ಗಂಡಸರಲ್ಲೇ ಇದನ್ನು ಪರೀಕ್ಷಿಸಿದರು. ಟ್ರೈಗ್ಲಿಸರೈಡ್ ತುಂಬಿದ ಎಚ್‌ಡಿಎಲ್‌ನ ಎಪೊ ಎ-1 ಹೆಚ್ಚು ವೇಗವಾಗಿ ರಕ್ತದಿಂದ ಹೊರಬಿತ್ತು.

4. ಎಚ್‌ಡಿಎಲ್ ಏರಿಸುವ ಮಾತ್ರೆಗೆ ಹಟ ಹಿಡಿಯಬೇಡಿ. ಸಿಇಟಿಪಿಯನ್ನು ತಡೆಯುವ ಟಾರ್ಸೆಟ್ರಾಪಿಬ್ ಎಚ್‌ಡಿಎಲ್ ಅನ್ನು ಶೇ. 70ಕ್ಕೂ ಹೆಚ್ಚು ಏರಿಸಿತು. ಆದರೂ ಮಾತ್ರೆ ತೆಗೆದುಕೊಂಡವರಲ್ಲಿ ಸಾವುಗಳು ಹೆಚ್ಚಾದ್ದರಿಂದ 2006ರ ಡಿಸೆಂಬರಿನಲ್ಲಿ ಅದರ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಅಂಕಿ ಏರಿದ ಮಾತ್ರಕ್ಕೆ ಹೃದಯಕ್ಕೆ ರಕ್ಷಣೆ ಸಿಗುವುದಿಲ್ಲ.

5. ತಟ್ಟೆ ನೋಡಿ. “ತುಪ್ಪ ಬಿಟ್ಟೆ, ಮೊಟ್ಟೆ ಬಿಟ್ಟೆ, ಆದ್ರೂ ಟ್ರೈಗ್ಲಿಸರೈಡ್ ಇಳೀತಿಲ್ಲ” ಎನ್ನುವವರನ್ನು ನಾನು ಅನ್ನದ ಬಗ್ಗೆ ಕೇಳುತ್ತೇನೆ. ಎರಡು ಹೊತ್ತು ತಟ್ಟೆ ತುಂಬ ಅನ್ನ, ದಿನಕ್ಕೆ ನಾಲ್ಕು ಲೋಟ ಸಿಹಿ ಕಾಫಿ, ವಾರಾಂತ್ಯಕ್ಕೆ ಮದ್ಯ. ಲಿವರ್ ಕೊಬ್ಬು ತಯಾರಿಸುವುದು ಇವುಗಳಿಂದಲೂ ಹೌದು. ಅನ್ನ ಅರ್ಧಕ್ಕಿಳಿಸಿ ಪಲ್ಯ, ಕಾಳು ಹೆಚ್ಚಿಸಿ. ಕಾಫಿಗೆ ಸಕ್ಕರೆ ಬೇಡ, ಮದ್ಯ ಬಿಡಿ, ದಿನಾ ನಡೆಯಿರಿ. ಮುಂದಿನ ರಿಪೋರ್ಟಿನಲ್ಲಿ ಮೊದಲು ಜಗ್ಗುವುದು ಟ್ರೈಗ್ಲಿಸರೈಡ್. ಎಚ್‌ಡಿಎಲ್ ಏರುವುದು ನಿಧಾನ, ಅದೂ ಸ್ವಲ್ಪವೇ. ಅದಕ್ಕೆ ನಿರಾಶರಾಗಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಶುಗರ್ ಹತೋಟಿಗೆ ತರುವುದೇ ಅರ್ಧ ಚಿಕಿತ್ಸೆ.

6. ಟ್ರೈಗ್ಲಿಸರೈಡ್ 400 ದಾಟಿದ್ದರೆ, ಲೆಕ್ಕ ಹಾಕಿ ಬರೆದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಅಂಕಿಯನ್ನು ನಂಬಬೇಡಿ. 500 ದಾಟಿದರೆ ಮೇದೋಜ್ಜೀರಕ ಗ್ರಂಥಿ ಊದಿಕೊಳ್ಳುವ ಭಯವೂ ಇದೆ. ತಡಮಾಡದೆ ವೈದ್ಯರನ್ನು ಕಾಣಿ.

7. ಟ್ರೈಗ್ಲಿಸರೈಡ್ ಸರಿಯಿದ್ದೂ ಎಚ್‌ಡಿಎಲ್ ಕಡಿಮೆಯಿರುವವರೂ ಇದ್ದಾರೆ. ಅಂಥವರಲ್ಲಿ ಬೀಡಿ, ಸಿಗರೇಟು, ಮನೆತನದ ಇತಿಹಾಸ ವಿಚಾರಿಸುತ್ತೇನೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೋ ಬೇಡವೋ ಎಂಬುದು ಎಲ್‌ಡಿಎಲ್ ಮತ್ತು ಒಟ್ಟಾರೆ ಹೃದಯದ ಅಪಾಯ ನೋಡಿ ಆಗುವ ತೀರ್ಮಾನ. ಟ್ರೈಗ್ಲಿಸರೈಡ್ ಇಳಿಯಿತೆಂದು ಅದನ್ನು ನೀವಾಗಿಯೇ ನಿಲ್ಲಿಸಬೇಡಿ.