ಹಳೆಯದೆಲ್ಲ ಚಿನ್ನವೇ?

*ಇಂದಿನ ಧಮ್ಮ ಚಿಂತನೆ*




‘ಓಲ್ಡ್ ಈಸ್ ಗೋಲ್ಡ್’ ಎಂಬ ಮಾತು ಈಗ ಕನ್ನಡದ ಗಾದೆಯೇ ಆಗಿಹೋಗಿದೆ. ಹಳೆಯ ಸಿನಿಮಾ ಪೋಸ್ಟರ್, ಕ್ಯಾಸೆಟ್ಟು, ಭಾನುವಾರದ ದೂರದರ್ಶನ, ಹಳ್ಳಿಯ ತೊಟ್ಟಿಮನೆ, ಇವುಗಳ ಫೋಟೋ ಹಾಕಿ ‘ಆ ದಿನಗಳು ಮತ್ತೆ ಬರುವುದಿಲ್ಲ’ ಎನ್ನುವ ಸಂದೇಶ ದಿನಕ್ಕೆ ನಾಲ್ಕಾದರೂ ಬರುತ್ತವೆ. ಮತ್ತೆ ಬರದಿದ್ದರೇ ಒಳ್ಳೆಯದು ಎನ್ನಬೇಕಾದ ದಿನಗಳೂ ಅವುಗಳಲ್ಲಿವೆ. ಹಳೆಯದನ್ನೂ ಹೊಸದನ್ನೂ ತೂಗುವಾಗ ನೆನಪು ನಮ್ಮ ತಕ್ಕಡಿಯನ್ನು ಹೇಗೆ ವಾಲಿಸುತ್ತದೆ, ಧಮ್ಮ ಅದಕ್ಕೆ ಯಾವ ಅಳತೆ ಕೊಡುತ್ತದೆ ಎಂಬುದು ಇಂದಿನ ವಿಷಯ.

*1. ನೆನಪು ಮಾಡುವ ಕೆಲಸ*

ನಾಸ್ಟಾಲ್ಜಿಯಾ ಎಂಬ ಪದವನ್ನು 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಕಟ್ಟಿದ. ಮನೆಗೆ ಮರಳುವುದು, ನೋವು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಅವನು ಸೇರಿಸಿದ. ಊರು ಬಿಟ್ಟವರು ಊರಿಗಾಗಿ ಕೊರಗುವುದನ್ನು ಅವನು ಕಾಯಿಲೆ ಎಂದೇ ತಿಳಿದಿದ್ದ. ಇಂದು ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪುಗಳು ಮುಪ್ಪಿನಲ್ಲಿಯೂ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಆ ವಯಸ್ಸಿನಲ್ಲಿ ಕೇಳಿದ ಹಾಡೇ ನಮಗೆ ಜೀವನವಿಡೀ ‘ಒಳ್ಳೆಯ ಹಾಡು’.

ಇನ್ನೊಂದು ಕಾರಣವಿದೆ. ಆಗಲೂ ಕೆಟ್ಟ ಸಿನಿಮಾಗಳು ಬಂದವು, ಕೆಟ್ಟ ಹಾಡುಗಳು ಬಂದವು. ಕಾಲ ಅವನ್ನು ಅಳಿಸಿತು, ಒಳ್ಳೆಯ ಹತ್ತಿಪ್ಪತ್ತು ಉಳಿದವು. ಹೊಸದರಲ್ಲಿ ಇನ್ನೂ ಆ ಕೆಲಸ ಆಗಿಲ್ಲ. ಹಾಗಾಗಿ ಅಂದಿನ ಆಯ್ದ ಕಾಳನ್ನು ಇಂದಿನ ಇಡೀ ರಾಶಿಯ ಎದುರು ಇಟ್ಟು ತೂಗುತ್ತೇವೆ.

*2. ಬುದ್ಧರು ಕೊಟ್ಟ ಮೂರು ಪ್ರಶ್ನೆ*

ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ, ತೃಷ್ಣೆಯಿಂದ ಉಪಾದಾನ, ಅಂದರೆ ಅಂಟಿಕೊಳ್ಳುವಿಕೆ. ಈ ಸರಪಳಿಯನ್ನು ಪ್ರತೀತ್ಯ ಸಮುತ್ಪಾದದಲ್ಲಿ ಓದಿದ್ದೇವೆ. ಹಳೆಯ ಹಾಡು ಕಿವಿಗೆ ಬಿದ್ದ ಕೂಡಲೇ ಒಂದು ಸುಖ ವೇದನೆ ಏಳುತ್ತದೆ. ಅದರಲ್ಲಿ ತಪ್ಪೇನಿಲ್ಲ. ‘ನನಗೆ ಹಿತವಾಗಿದೆ’ ಎಂಬುದು ನಮಗೆ ಗೊತ್ತಾಗದಂತೆ ‘ಇದೇ ಶ್ರೇಷ್ಠ’ ಎಂಬ ತೀರ್ಪಾಗುವ ಜಾಗದಲ್ಲಿ ಎಚ್ಚರ ಬೇಕು.

ಯಾವುದೇ ವಸ್ತುವನ್ನು ನೋಡಲು ಬುದ್ಧರು ಮೂರು ಮಾತು ಕೊಟ್ಟಿದ್ದಾರೆ. ಅಸ್ಸಾದ: ಇದರಲ್ಲಿರುವ ಸವಿ ಏನು? ಆದೀನವ: ಇದರಲ್ಲಿರುವ ಕೇಡು ಏನು? ನಿಸ್ಸರಣ: ಇದರ ಹಿಡಿತದಿಂದ ಹೊರಬರುವ ದಾರಿ ಯಾವುದು? ಸವಿಯನ್ನು ಅವರು ಇಲ್ಲ ಎನ್ನಲಿಲ್ಲ, ಮೊದಲು ಅದನ್ನೇ ಕೇಳಿದರು. ಈ ಕ್ರಮ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

*3. ಅವ್ವನ ಬೇಡರ ಕಣ್ಣಪ್ಪ*

1954ರಲ್ಲಿ ಬಂದ ‘ಬೇಡರ ಕಣ್ಣಪ್ಪ’ ರಾಜಕುಮಾರ್ ಅವರು ನಾಯಕರಾದ ಮೊದಲ ಚಿತ್ರ. ನನ್ನ ಅವ್ವ ಅದನ್ನು ಎಷ್ಟೋ ವರ್ಷಗಳ ಮೇಲೆ ಟೆಂಟ್ ಸಿನಿಮಾದಲ್ಲಿ ನೋಡಿದವಳು. ಮುದ್ದೆ ಕಟ್ಟುವಾಗ ಇಂದಿಗೂ ಅಂಥ ಹಳೆಯ ಭಕ್ತಿಚಿತ್ರಗಳ ಹಾಡು ಗುನುಗುತ್ತಾಳೆ. 22 ಪ್ರತಿಜ್ಞೆ ಸ್ವೀಕರಿಸಿದ ಮನೆಯಲ್ಲಿ ಇದೇಕೆ ಎಂದು ಮನೆಯ ಹುಡುಗರು ರೇಗುತ್ತಾರೆ. ಒಮ್ಮೆ ನಾನು ಅವಳನ್ನು ಸುಮ್ಮನೆ ಕೇಳಿದೆ: “ಅವ್ವಾ, ಆ ಸಿನಿಮಾದಲ್ಲಿ ನಿಂಗೆ ಏನಿಷ್ಟ?” ಅವಳು ದೇವರ ಹೆಸರು ಎತ್ತಲಿಲ್ಲ. “ನೆಲದ ಟಿಕೇಟು ತಕ್ಕೊಂಡ್ರೆ ಯಾರೂ ಆಚೆ ಹೋಗು ಅಂತಿರ್ನಿಲ್ಲ ಮಗಾ. ಎಲ್ರ ಪಕ್ಕದಲ್ಲೂ ಕೂತ್ಕೊಬೋದಿತ್ತು” ಎಂದಳು.

ಇದು ಅವಳ ಅಸ್ಸಾದ. ದೇವಸ್ಥಾನದ ಬಾಗಿಲಲ್ಲಿ ಸಿಗದ ಜಾಗ ಟೆಂಟಿನ ಮರಳಿನ ಮೇಲೆ ಸಿಕ್ಕಿತ್ತು. ಕಥೆಯಲ್ಲೂ ಒಂದು ಸವಿ ಇದೆ, ಮಂತ್ರ ಬಾರದ ಬೇಡನ ಭಕ್ತಿ ಅರ್ಚಕನ ಭಕ್ತಿಗಿಂತ ದೊಡ್ಡದಾಗುತ್ತದೆ.

ಆದೀನವವನ್ನೂ ನೋಡಬೇಕು. ಅರ್ಚಕ ತನ್ನ ಭಕ್ತಿಯನ್ನು ತೋರಿಸಲು ಕಣ್ಣು ಕೊಡಬೇಕಾಗಿಲ್ಲ. ಬೇಡ ಮಾತ್ರ ತನ್ನ ಕಣ್ಣನ್ನೇ ಕಿತ್ತು ಕೊಟ್ಟ ಮೇಲೆ ಒಪ್ಪಿತನಾಗುತ್ತಾನೆ. ಹೊರಗಿನವನು ಒಳಗೆ ಬರಬೇಕಾದರೆ ದೇಹದ ಭಾಗವನ್ನೇ ತೆರಬೇಕು ಎಂಬ ಪಾಠ ಆ ಮಧುರ ಹಾಡುಗಳ ನಡುವೆ ಕೂತಿದೆ.

ನಿಸ್ಸರಣ ಹೇಗೆ? ಅವ್ವನ ಹಾಡು ನಿಲ್ಲಿಸಬೇಕಾಗಿಲ್ಲ. ಅವಳು ನೆನೆಯುವುದು ಸಮಾನವಾಗಿ ಕೂತ ಆ ಸಂಜೆಯನ್ನು. ಆ ಸಮಾನತೆ ಈಗ ವಿಹಾರದಲ್ಲಿ, ಪ್ರತಿ ಭಾನುವಾರದ ವಂದನೆಯಲ್ಲಿ, ಟಿಕೇಟಿಲ್ಲದೆ ಸಿಗುತ್ತದೆ ಎಂದು ಅವಳಿಗೆ ಅನ್ನಿಸುವಂತೆ ನಾವು ನಡೆದುಕೊಳ್ಳಬೇಕು. ನೆನಪನ್ನು ಬೈಯುವ ಮೊದಲು, ಆ ನೆನಪು ಯಾವುದಕ್ಕಾಗಿ ಹಸಿದಿದೆ ಎಂದು ಕೇಳಬೇಕು.

*4. ಒಂದೇ ಭಾನುವಾರ, ಎರಡು ನೆನಪು*

1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಮಾನಂದ ಸಾಗರ್ ಅವರ ‘ರಾಮಾಯಣ’ ಶುರುವಾದಾಗ ನಾನು ಚಿಕ್ಕ ತರಗತಿಯಲ್ಲಿದ್ದೆ. ನಮ್ಮೂರಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಈಗ ನಮ್ಮ ಸಹಪಾಠಿಗಳ ಗುಂಪಿನಲ್ಲಿ ಆ ದಿನಗಳ ಮಾತು ಬಂದಾಗಲೆಲ್ಲ, “ಇಡೀ ಊರೇ ಒಟ್ಟಿಗೆ ಕೂತು ನೋಡ್ತಿದ್ವಿ, ಎಂಥ ಕಾಲ!” ಎಂದು ಬರೆಯುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರು ಕೂತಿದ್ದರು. ಕೇರಿಯ ಮಕ್ಕಳಾದ ನಾವು ಕಿಟಕಿಯ ಆಚೆ ನಿಂತಿದ್ದೆವು. ‘ಇಡೀ ಊರು’ ಎಂಬ ಪದದೊಳಗೆ ಕೇರಿ ಇಲ್ಲ ಎಂಬುದು ಅವರಿಗೆ ಆಗಲೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ವೈಭವೀಕರಿಸುವವರನ್ನು ನೇರವಾಗಿ ಟೀಕಿಸಿದ್ದು ಇದೇ ಕಾರಣಕ್ಕೆ. ಹಳ್ಳಿಯ ಬಗ್ಗೆ ಹಂಬಲಿಸುವವನು ಹಳ್ಳಿಯ ಯಾವ ಜಾಗದಲ್ಲಿ ನಿಂತಿದ್ದ ಎಂಬುದನ್ನು ಕೇಳದೆ ಆ ಹಂಬಲವನ್ನು ಅಳೆಯಲಾಗದು.

2020ರ ಲಾಕ್‌ಡೌನಿನಲ್ಲಿ ದೂರದರ್ಶನ ಅದೇ ರಾಮಾಯಣವನ್ನು ಮರುಪ್ರಸಾರ ಮಾಡಿತು. ಅದೇ ವರ್ಷ ಜೀ ಕನ್ನಡದಲ್ಲಿ ಹಿಂದಿಯಿಂದ ಡಬ್ ಆದ ‘ಮಹಾನಾಯಕ’ ಬಂತು. ಊರೂರಿನ ಕೇರಿಗಳಲ್ಲಿ ಅದಕ್ಕೆ ಫ್ಲೆಕ್ಸ್ ಕಟ್ಟಿದರು. ನಮ್ಮ ಮಕ್ಕಳು ನಮ್ಮದೇ ಮನೆಯೊಳಗೆ, ನಮ್ಮದೇ ಟಿವಿಯ ಮುಂದೆ ಕೂತು ಪುಟ್ಟ ಭೀಮನನ್ನು ನೋಡಿದರು. ಡಬ್ಬಿಂಗ್ ಧಾರಾವಾಹಿಗಳಿಂದ ಕನ್ನಡ ಕೆಡುತ್ತದೆ ಎಂದು ಬೇಸರಪಟ್ಟವರೂ ಇದ್ದರು. ಭಾಷೆಯ ಕಾಳಜಿ ನನಗೂ ಇದೆ. ಆದರೆ ಕಿಟಕಿಯ ಆಚೆ ನಿಂತು ಕೇಳಿದ ಶುದ್ಧ ಭಾಷೆಗಿಂತ ಒಳಗೆ ಕೂತು ಕೇಳಿದ ಡಬ್ಬಿಂಗ್ ಭಾಷೆ ಆ ಮಕ್ಕಳಿಗೆ ಹೆಚ್ಚು ಕೊಟ್ಟಿತು.

ಇದರ ಆದೀನವವನ್ನೂ ಹೇಳಬೇಕು. ಧಾರಾವಾಹಿ ಕಥೆಯ ಓಟಕ್ಕಾಗಿ ಒಂದಿಷ್ಟು ಸೇರಿಸುತ್ತದೆ, ಒಂದಿಷ್ಟು ಬಿಡುತ್ತದೆ. ಅಷ್ಟನ್ನೇ ನೋಡಿ ಬಾಬಾಸಾಹೇಬರ ಪುಸ್ತಕ ಮುಟ್ಟದ ಮಗುವಿಗೆ ಅವರು ಬರೀ ಪವಾಡ ಪುರುಷರಾಗುತ್ತಾರೆ. ಇನ್ನು ಮೂವತ್ತು ವರ್ಷಕ್ಕೆ ಈ ಧಾರಾವಾಹಿಯೂ ‘ಆ ಚಿನ್ನದ ಕಾಲ’ ಆಗಲಿದೆ.

*5. ಕ್ರಾಂತಿಗೀತೆ ಮತ್ತು ಡಿಜೆ*

ಏಪ್ರಿಲ್ 14ರ ಮೆರವಣಿಗೆ ಮುಗಿದ ಮೇಲೆ ಪ್ರತಿ ವರ್ಷವೂ ಒಂದು ಜಗಳ ಇದ್ದದ್ದೇ. “ನಮ್ ಕಾಲದಲ್ಲಿ ತಮಟೆ, ಕ್ರಾಂತಿಗೀತೆ. ಈಗ ಬರೀ ಗಲಾಟೆ” ಎಂದು ಹಿರಿಯರು. “ನಿಮ್ ಹಾಡು ಈಗ ಯಾರ್ ಕೇಳ್ತಾರಣ್ಣ?” ಎಂದು ಹುಡುಗರು.

ಹಿರಿಯರಲ್ಲಿ ಒಂದು ವಿನಂತಿ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗ ಅದೂ ಹೊಸದೇ. ಕಾವ್ಯವೆಂದರೆ ನಯವಾಗಿರಬೇಕು ಎಂದುಕೊಂಡಿದ್ದವರಿಗೆ ಅದೂ ಗಲಾಟೆಯಾಗಿಯೇ ಕೇಳಿಸಿತ್ತು. ಇಂದಿನ ಹುಡುಗನಿಗೆ ಡಿಜೆ ಸದ್ದಿನಲ್ಲಿ ಸಿಗುವ ಧೈರ್ಯ, ಒಂದು ಕಾಲದಲ್ಲಿ ನಿಮಗೆ ತಮಟೆಯಲ್ಲಿ ಸಿಕ್ಕ ಧೈರ್ಯವೇ.

ತಮ್ಮಂದಿರಲ್ಲೂ ಒಂದು ವಿನಂತಿ. ಆ ಹಾಡುಗಳನ್ನು ಕಲಿತವರು ಅವುಗಳ ಜೊತೆ ಭೂಮಿ, ಕೂಲಿ, ಶಾಲೆಯ ಪ್ರಶ್ನೆಗಳನ್ನೂ ಕಲಿತರು. ನಿಮ್ಮ ಹಾಡು ಮುಗಿದ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ, ನೋಡಿಕೊಳ್ಳಿ. ಸದ್ದಿಗೆ ಪಕ್ಕದ ಮನೆಯ ರೋಗಿ ನರಳಿದರೆ, ಕುಣಿತದ ಜೊತೆ ಕುಡಿತ ಬಂದರೆ ಐದನೆಯ ಶೀಲ ಎಲ್ಲಿ ಹೋಯಿತು? ಕೇಡು ಹಾಡು ಹೊಸದಾದ್ದರಿಂದ ಬಂದದ್ದಲ್ಲ. ಹಳೆಯ ಹಾಡಿಗೆ ಕುಡಿದು ಕುಣಿದರೂ ಕೇಡು ಅಷ್ಟೇ.

*6. ಬಾಬಾಸಾಹೇಬರ ಜರಡಿ*

1973ರಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ರಾಜ್ಯದಲ್ಲಿ ಗಲಭೆಯೆದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿ ಸ್ಥಾನ ಬಿಡಬೇಕಾಯಿತು. ಹಳೆಯದನ್ನು ಪ್ರಶ್ನಿಸುವುದಕ್ಕೆ ನಮ್ಮವರು ತೆತ್ತ ಬೆಲೆ ಅದು. ಕನ್ನಡ ಎಂ.ಎ. ಓದಿದ ನಾನು ಆ ಮಾತನ್ನು ಹೀಗೆ ತೆಗೆದುಕೊಳ್ಳುತ್ತೇನೆ: ಬೂಸಾ ಇದೆ ಎಂದರೆ ಕಾಳೂ ಇದೆ, ಕೇರುವ ಕೆಲಸ ನಮ್ಮದು. ಪಂಪನಲ್ಲಿ ಕರ್ಣನ ಪ್ರಸಂಗ ಬಂದಾಗ ಕುಲವನ್ನೇ ಪ್ರಶ್ನಿಸುವ ಮಾತಿದೆ. ಅದನ್ನು ತರಗತಿಯಲ್ಲಿ ಪಾಠ ಮಾಡುವಾಗ ನನಗೆ ಹುರುಪು ಬರುತ್ತದೆ. ಸಾವಿರ ವರ್ಷ ಹಳೆಯದಾದರೂ ಅದು ಕಾಳು.

1936ರ ‘ಜಾತಿ ವಿನಾಶ’ ಭಾಷಣದ ಕೊನೆಯ ಭಾಗದಲ್ಲಿ ಬಾಬಾಸಾಹೇಬರು ತಮ್ಮ ಗುರು ಜಾನ್ ಡ್ಯೂಯಿಯವರ ವಿಚಾರವೊಂದನ್ನು ಮುಂದಿಡುತ್ತಾರೆ. ಪ್ರತಿ ಸಮಾಜದ ಮೇಲೂ ಹಿಂದಿನಿಂದ ಬಂದ ಕಸದ ಹೊರೆ ಇರುತ್ತದೆ. ಇರುವುದೆಲ್ಲವನ್ನೂ ಮುಂದಿನವರಿಗೆ ದಾಟಿಸುವುದು ಸಮಾಜದ ಕೆಲಸವಲ್ಲ, ಮುಂದಿನ ಸಮಾಜವನ್ನು ಉತ್ತಮಗೊಳಿಸುವಂಥದ್ದನ್ನು ಮಾತ್ರ ಆರಿಸಿ ದಾಟಿಸಬೇಕು ಎಂಬುದು ಅದರ ಸಾರ. ಕಾಲಾಮರಿಗೆ ಬುದ್ಧರು ಹೇಳಿದ್ದೂ ಇದಕ್ಕೆ ಹತ್ತಿರ: ಪರಂಪರೆಯಿಂದ ಬಂದಿದೆ ಎಂಬ ಕಾರಣಕ್ಕೆ ಒಪ್ಪಬೇಡಿ, ಹಿತವೋ ಅಹಿತವೋ ಎಂದು ನೀವೇ ತಿಳಿದು ಹಿಡಿಯಿರಿ ಅಥವಾ ಬಿಡಿ. ಈ ಜರಡಿಗೆ ಹಳೆಯದು, ಹೊಸದು ಎಂಬ ಭೇದವಿಲ್ಲ.

*ಇಂದಿನ ಅಭ್ಯಾಸ*

ಇಂದು ನಿಮಗೆ ಬಹಳ ಇಷ್ಟವಾದ ಒಂದು ಹಳೆಯ ಹಾಡನ್ನೂ, ಮನೆಯ ಮಕ್ಕಳು ಹೇಳುವ ಒಂದು ಹೊಸ ಹಾಡನ್ನೂ ಪೂರ್ತಿ ಕೇಳಿ. ಎರಡಕ್ಕೂ ಇದೇ ಪ್ರಶ್ನೆಗಳನ್ನು ಹಾಕಿ:

▪️ ಇದರ ಸವಿ ಏನು? ಆ ಸವಿ ಹಾಡಿನದೋ, ನನ್ನ ವಯಸ್ಸಿನದೋ?
▪️ ಇದರಲ್ಲಿ ಯಾರು ಒಳಗಿದ್ದಾರೆ, ಯಾರು ಕಿಟಕಿಯ ಆಚೆ ಇದ್ದಾರೆ?
▪️ ಇದರಲ್ಲಿ ನನ್ನ ಮಕ್ಕಳಿಗೆ ದಾಟಿಸಬೇಕಾದ್ದು ಯಾವುದು, ಬಿಡಬೇಕಾದ್ದು ಯಾವುದು?

ಉತ್ತರಗಳನ್ನು ಸಂಜೆಯೊಳಗೆ ಬಳಗದಲ್ಲಿ ಹಂಚಿಕೊಳ್ಳಿ. ಹಿರಿಯರು ಹೊಸ ಹಾಡಿನ ಬಗ್ಗೆ, ಕಿರಿಯರು ಹಳೆಯ ಹಾಡಿನ ಬಗ್ಗೆ ಬರೆದರೆ ಇನ್ನೂ ಸಂತೋಷ.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ. 🙏