ಜೀವಾಣು ಗೊಬ್ಬರಕ್ಕೆ ನೆರಳು ಯಾಕೆ ಬೇಕು?



ಅಸೆಟೋಬ್ಯಾಕ್ಟರ್ ಇರಲಿ, ಅಝೊಟೊಬ್ಯಾಕ್ಟರ್ ಇರಲಿ, ರಂಜಕ ಕರಗಿಸುವ ಜೀವಾಣು ಇರಲಿ, ಪಾಕೀಟಿನ ಮೇಲೆ ‘ತಂಪು ಜಾಗದಲ್ಲಿ, ಬಿಸಿಲು ತಾಗದಂತೆ ಇಡಿರಿ’ ಎಂದು ಅಚ್ಚು ಹಾಕಿರುತ್ತಾರೆ. ಬೀಜೋಪಚಾರ ಮಾಡಿದ ಕಬ್ಬಿನ ತುಂಡುಗಳನ್ನು ನೆರಳಿನಲ್ಲಿಯೇ ಆರಿಸಿ ಬೇಗ ನಾಟಿ ಮಾಡಿರಿ ಎಂದೂ ಹೇಳುವದುಂಟು. ಹಲವರು ಇದನ್ನು ಯೂರಿಯಾ ಚೀಲದ ಮೇಲಿನ ಬರಹದಂತೆ ನೋಡಿ ಬಿಟ್ಟುಬಿಡುತ್ತಾರೆ. ಯೂರಿಯಾ ಒಂದು ದಿನ ಬಿಸಿಲಿನಲ್ಲಿ ಇದ್ದರೂ ಯೂರಿಯಾವೇ. ಜೀವಾಣು ಗೊಬ್ಬರ ಹಾಗಲ್ಲ. ಅದರೊಳಗಿನ ಜೀವ ಹೋದ ಮೇಲೆ ಉಳಿಯುವದು ಬರೀ ಕಪ್ಪು ಪುಡಿ. ಅದನ್ನು ಹೊಲಕ್ಕೆ ಹಾಕಿದರೂ ಒಂದೇ, ತಿಪ್ಪೆಗೆ ಚೆಲ್ಲಿದರೂ ಒಂದೇ. ‘ಕಲ್ಚರ್ ಹಾಕಿ ನೋಡಿದೆವು, ಏನೂ ಆಗಲಿಲ್ಲ’ ಎಂಬ ಮಾತು ಕೇಳಿದಾಗ, ಆ ಜೀವಾಣು ಸಾಲು ಮುಟ್ಟುವ ಹೊತ್ತಿಗೆ ಜೀವಂತ ಇತ್ತೇ ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ.

ಬಿಸಿಲಿನಲ್ಲಿ ಎರಡು ತರಹದ ಪೆಟ್ಟು ಇದೆ. ಒಂದು ಶಾಖ, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಕಣ್ಣಿಗೆ ಕಾಣದ ಬೆಳಕಿನ ಪೆಟ್ಟು. ಈ ಲೇಖನದಲ್ಲಿ ಮುಖ್ಯವಾಗಿ ಎರಡನೆಯದನ್ನು ತಿಳಿದುಕೊಳ್ಳೋಣ.

ಬಿಸಿಲಿನಲ್ಲಿ ಕೆಂಪಿನಿಂದ ನೇರಳೆಯವರೆಗೆ ಕಾಣುವ ಬಣ್ಣಗಳಲ್ಲದೆ, ನೇರಳೆಯ ಆಚೆಗೆ ಕಾಣದ ಕಿರಣಗಳೂ ಇವೆ. ಇವೇ ನೇರಳಾತೀತ ಅಥವಾ ಅಲ್ಟ್ರಾವಯಲೆಟ್ ಕಿರಣಗಳು. ಬೆಳಕಿನ ತರಂಗವನ್ನು ನ್ಯಾನೊಮೀಟರಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಎಂದರೆ ಒಂದು ನ್ಯಾನೊಮೀಟರ್. ನೇರಳಾತೀತ ಕಿರಣದ ತರಂಗ 400ಕ್ಕಿಂತ ಗಿಡ್ಡದು. ತರಂಗ ಗಿಡ್ಡವಾದಷ್ಟೂ ಅದರಲ್ಲಿ ಶಕ್ತಿ ಹೆಚ್ಚು. ಸುಮಾರು 290ಕ್ಕಿಂತ ಗಿಡ್ಡವಾದ ಕಿರಣಗಳನ್ನು ಮೇಲಿನ ಓಝೋನ್ ಪದರು ತಡೆಯುತ್ತದೆ. ಇಲ್ಲದಿದ್ದರೆ ನೆಲದ ಮೇಲೆ ಬೆಳೆಯೂ ಇಲ್ಲ, ಬೆಳೆಯುವವರೂ ಇಲ್ಲ. 290ರಿಂದ 320ರವರೆಗಿನ ಕಿರಣಗಳಲ್ಲಿ ಸ್ವಲ್ಪ ಪಾಲು ನಮ್ಮ ತನಕ ಬರುತ್ತದೆ. ಸೂರ್ಯ ನೆತ್ತಿಯ ಮೇಲೆ ಇದ್ದಾಗ ಈ ಪಾಲು ಹೆಚ್ಚು, ಮುಂಜಾನೆ ಸಂಜೆ ಬಹಳ ಕಡಿಮೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಗೆ ಬರುವದು ವರ್ಷಕ್ಕೆ ಎರಡು ಸಲ: ಮೇ ತಿಂಗಳ ಎರಡನೆಯ ವಾರದ ಆಸುಪಾಸು ಮತ್ತು ಆಗಸ್ಟಿನ ಮೊದಲ ವಾರದ ಆಸುಪಾಸು. ಎರಡನೆಯದು ಸರಿಯಾಗಿ ನಮ್ಮ ಆಡಸಾಲಿ ನಾಟಿಯ ಕಾಲ. ಮೋಡ ಇದೆ ಎಂದು ಧೈರ್ಯ ಮಾಡಬಾರದು. ತೆಳು ಮೋಡದ ಮೂಲಕ ಈ ಕಿರಣ ಸಾಕಷ್ಟು ಇಳಿಯುತ್ತದೆ.

ಬಿಸಿಲಿನ ಬೆಳಕು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಎಂದು 1877ರಲ್ಲಿ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ತೋರಿಸಿದರು. ಬೆಳಕಿನ ಪೆಟ್ಟು ಜೀವಕೋಶದಲ್ಲಿ ಎಲ್ಲಿ ಬೀಳುತ್ತದೆ ಎಂಬ ಸುಳಿವು ಸಿಗಲು ಐವತ್ತು ವರ್ಷ ಹಿಡಿಯಿತು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಗೇಟ್ಸ್ ಎಂಬವರು 1930ರ ಹೊತ್ತಿಗೆ, ಬ್ಯಾಕ್ಟೀರಿಯಾಗಳನ್ನು ಅತಿ ಹೆಚ್ಚು ಕೊಲ್ಲುವ ಕಿರಣಗಳೂ ನ್ಯೂಕ್ಲಿಕ್ ಆಮ್ಲ ಹೀರಿಕೊಳ್ಳುವ ಕಿರಣಗಳೂ ಒಂದೇ ಎಂದು ಕಂಡರು. ಆಗ ವಂಶಗುಣದ ಮೂಲ ಪ್ರೋಟೀನಿನಲ್ಲಿದೆ ಎಂದು ಹೆಚ್ಚಿನವರು ನಂಬಿದ್ದ ಕಾಲ. ಆ ಸುಳಿವಿಗೆ ಬೆಲೆ ಬರಲಿಲ್ಲ.

ಆ ನ್ಯೂಕ್ಲಿಕ್ ಆಮ್ಲವೇ ಡಿ.ಎನ್.ಎ. ಎರಡು ಎಳೆ ಸೇರಿಸಿ ಹೊಸೆದ ಹಗ್ಗದಂತೆ ಅದರ ರಚನೆ. ಎಳೆಯ ಉದ್ದಕ್ಕೂ ನಾಲ್ಕೇ ಬಗೆಯ ಅಕ್ಷರಗಳು: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್. ಒಂದು ಎಳೆಯಲ್ಲಿ ಅಡೆನಿನ್ ಇದ್ದರೆ ಎದುರು ಎಳೆಯಲ್ಲಿ ಥೈಮಿನ್, ಗ್ವಾನಿನ್ ಇದ್ದರೆ ಎದುರು ಸೈಟೊಸಿನ್. ನಮ್ಮ ಕರುಳಿನಲ್ಲಿರುವ ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲಿ ಇಂಥ ಜೋಡಿಗಳು ಸುಮಾರು 46 ಲಕ್ಷ ಇವೆ. ಸಾರಜನಕ ಹಿಡಿಯುವದು, ರಂಜಕ ಕರಗಿಸುವದು, ಎರಡಾಗಿ ಒಡೆದು ಬೆಳೆಯುವದು, ಎಲ್ಲದರ ಬರಹ ಜೀವಾಣುವಿನ ಈ ಹಗ್ಗದಲ್ಲಿಯೇ ಇದೆ.

ಒಂದೇ ಎಳೆಯಲ್ಲಿ ಎರಡು ಥೈಮಿನ್ ಪಕ್ಕಪಕ್ಕದಲ್ಲಿರುವ ಕಡೆ ನೇರಳಾತೀತ ಕಿರಣ ಬಿದ್ದರೆ ಅವೆರಡೂ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಸೈಟೊಸಿನ್ ಇದ್ದಲ್ಲಿಯೂ ಹೀಗಾಗುವದುಂಟು. ಹಾಲಂಡಿನ ಬ್ಯೂಕರ್ಸ್ ಮತ್ತು ಬೆರೆಂಡ್ಸ್, ಹೆಪ್ಪುಗಟ್ಟಿಸಿದ ನೀರಿನಲ್ಲಿ ಥೈಮಿನ್ ಇಟ್ಟು ಕಿರಣ ಹಾಯಿಸಿ, 1960ರಲ್ಲಿ ಈ ಬೆಸುಗೆಯನ್ನು ತೋರಿಸಿಕೊಟ್ಟರು. ಕಾರ್ಖಾನೆಯ ಕೇನ್ ಕ್ಯಾರಿಯರಿನ ಸರಪಳಿಯನ್ನು ನೀವು ನೋಡಿದ್ದೀರಿ. ಅದರಲ್ಲಿ ಎರಡು ಕೊಂಡಿ ಬೆಸೆದು ಬಗ್ಗದಂತಾದರೆ ಹಲ್ಲುಗಾಲಿಯ ಮೇಲೆ ಸರಪಳಿ ಕೂಡುವದಿಲ್ಲ, ಕ್ಯಾರಿಯರ್ ನಿಲ್ಲುತ್ತದೆ. ಇಲ್ಲಿಯೂ ಹಾಗೆ. ಡಿ.ಎನ್.ಎ. ಓದಿ ನಕಲು ಮಾಡುವ ಕಿಣ್ವವು ಬೆಸುಗೆಯ ಹತ್ತಿರ ಬಂದು ನಿಲ್ಲುತ್ತದೆ. ನಕಲು ಮುಗಿಯದೆ ಜೀವಾಣು ಎರಡಾಗದು. ಎರಡಾಗದ ಜೀವಾಣು ಕಣ್ಣಿಗೆ ಸತ್ತಂತೆ ಕಾಣದಿದ್ದರೂ ನಮ್ಮ ಕೆಲಸಕ್ಕೆ ಸತ್ತಂತೆಯೇ.

ಹಾಗಾದರೆ ದಿನವಿಡೀ ಬಿಸಿಲಿಗೆ ಮೈಯೊಡ್ಡಿದ ಕಬ್ಬಿನ ಎಲೆಯ ಮೇಲೆ ಇಷ್ಟೊಂದು ಸೂಕ್ಷ್ಮಜೀವಿಗಳು ಹೇಗೆ ಬದುಕಿವೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ಉತ್ತರದ ದಾರಿ ತೆರೆದದ್ದು 1949ರಲ್ಲಿ, ಅಮೇರಿಕೆಯ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ. ಆಲ್ಬರ್ಟ್ ಕೆಲ್ನರ್ ಎಂಬ ವಿಜ್ಞಾನಿ ಸ್ಟ್ರೆಪ್ಟೊಮೈಸಿನ್ ಔಷಧ ಕೊಡುವ ಸ್ಟ್ರೆಪ್ಟೊಮೈಸಿಸ್ ಎಂಬ ಜೀವಾಣುವಿನ ಮೇಲೆ ಕೆಲಸ ಮಾಡುತ್ತಿದ್ದರು. ಇದು ನಮಗೆ ಪರಕೀಯವಲ್ಲ. ಮೊದಲ ಮಳೆಗೆ ಹೊಲದಿಂದ ಏಳುವ ಮಣ್ಣಿನ ವಾಸನೆ ಬಹುಪಾಲು ಇದೇ ಕುಲದ್ದು. ಕೆಲ್ನರ್ ಅದರ ಬೀಜಕಣಗಳಿಗೆ ದೀಪದಿಂದ ನೇರಳಾತೀತ ಕಿರಣ ಕೊಟ್ಟು, ಎಷ್ಟು ಉಳಿದವೆಂದು ಎಣಿಸುತ್ತಿದ್ದರು. ಲೆಕ್ಕ ಒಂದು ಸಲ ಒಂದು ಬಂದರೆ ಮತ್ತೊಂದು ಸಲ ಏನೇನೋ ಬರುತ್ತಿತ್ತು. ಉಷ್ಣತೆಯ ವ್ಯತ್ಯಾಸ ಇರಬಹುದೆಂದು ಅದನ್ನು ಪರೀಕ್ಷಿಸಿದರು, ಅದೂ ಅಲ್ಲ. ಕೊನೆಗೆ, ಬಾಟಲಿಗಳನ್ನಿಟ್ಟ ನೀರಿನ ಪಾತ್ರೆ ಕಿಟಕಿಯ ಹತ್ತಿರದ ಮೇಜಿನ ಮೇಲಿದೆ ಎಂಬ ಕಡೆ ಅವರ ಲಕ್ಷ್ಯ ಹೋಯಿತು. ಒಂದೇ ಪೆಟ್ಟು ತಿಂದ ಬೀಜಕಣಗಳಲ್ಲಿ ಅರ್ಧವನ್ನು ಕತ್ತಲೆಯಲ್ಲಿ, ಅರ್ಧವನ್ನು ಬೆಳಕಿನಲ್ಲಿ ಇಟ್ಟು ನೋಡಿದರು. ಬೆಳಕು ಕಂಡವುಗಳಲ್ಲಿ ಬದುಕಿದವು, ಒಳ್ಳೆಯ ಪ್ರಯೋಗಗಳಲ್ಲಿ, ಲಕ್ಷ ಪಟ್ಟಿಗಿಂತ ಹೆಚ್ಚು.

ಬೆಳಕಿನ ಪೆಟ್ಟಿಗೆ ಬೆಳಕೇ ಮದ್ದು! ಕಿಟಕಿಯ ಗಾಜು ಕೊಲ್ಲುವ ಗಿಡ್ಡ ಕಿರಣವನ್ನು ತಡೆದು, ನೀಲಿ ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ ಎಂಬುದನ್ನು ನೆನಪಿಡಿರಿ. ಈ ನೀಲಿ ಬೆಳಕನ್ನು ಹಿಡಿದು ಬೆಸುಗೆ ಬಿಡಿಸುವ ಕಿಣ್ವವಿದೆ ಎಂದು ಮುಂದೆ ಸ್ಟ್ಯಾನ್ಲಿ ರೂಪರ್ಟ್ ಮತ್ತು ಸಂಗಡಿಗರು ತೋರಿಸಿದರು. ಅವರಿಗೆ ಅದು ಮೊದಲು ಕೋಲೈ ಬ್ಯಾಕ್ಟೀರಿಯಾದಲ್ಲಿ, ಆ ಮೇಲೆ ಬ್ರೆಡ್ ಮಾಡುವ ಯೀಸ್ಟಿನಲ್ಲಿ ಸಿಕ್ಕಿತು. ಡಿಸ್ಟಿಲರಿಯಲ್ಲಿ ಕಾಕಂಬಿಯನ್ನು ಹುಳಿಸುವ ಯೀಸ್ಟ್ ಕೂಡ ಅದೇ ಜಾತಿಯದು. ಕಿಣ್ವದ ಹೆಸರು ಫೋಟೊಲಯೇಸ್. ಅದು ಎಳೆಯನ್ನು ಕತ್ತರಿಸುವದಿಲ್ಲ. ಬೆಸೆದ ಎರಡು ಅಕ್ಷರಗಳನ್ನು ಇದ್ದಲ್ಲಿಯೇ ಬಿಡಿಸಿ ಮೊದಲಿನಂತೆ ಮಾಡುತ್ತದೆ. ಮನುಷ್ಯರಲ್ಲಿ ಈ ಕಿಣ್ವ ಇಲ್ಲ.

ರಾತ್ರಿಯಲ್ಲಿ, ಮಣ್ಣಿನೊಳಗಿನ ಕತ್ತಲೆಯಲ್ಲಿ ಬೇರೊಂದು ರಿಪೇರಿ ನಡೆಯುತ್ತದೆ. ಇದು ಕತ್ತರಿಸಿ ತುಂಬುವ ಪದ್ಧತಿ. 1964ರಲ್ಲಿ ಸೆಟ್ಲೋ, ಹೋವರ್ಡ್-ಫ್ಲಾಂಡರ್ಸ್, ಹನವಾಲ್ಟ್ ಮುಂತಾದವರ ಪ್ರಯೋಗಗಳಿಂದ ಇದು ಬೆಳಕಿಗೆ ಬಂತು. ಕತ್ತರಿ ಎಲ್ಲಿ ಬೀಳುತ್ತದೆ ಎಂಬುದನ್ನು 1983ರಲ್ಲಿ ಅಝೀಝ್ ಸಂಜಾರ್ ಮತ್ತು ರಪ್ ನಿಖರವಾಗಿ ತೋರಿಸಿದರು. ಸಂಜಾರ್ ತುರ್ಕಿಯ ಸವುರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು, ಮೇಲೆ ಹೇಳಿದ ರೂಪರ್ಟರ ಶಿಷ್ಯರು. 2015ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವನ್ನು ಇನ್ನಿಬ್ಬರೊಡನೆ ಹಂಚಿಕೊಂಡರು. ಕೋಲೈ ಬ್ಯಾಕ್ಟೀರಿಯಾದಲ್ಲಿ ಮೂರು ಪ್ರೋಟೀನುಗಳು ಕೂಡಿ ಬೆಸುಗೆಯ ಎರಡೂ ಬದಿಗೆ ಕತ್ತರಿಸಿ, 12–13 ಅಕ್ಷರಗಳ ತುಂಡನ್ನು ಹೊರಗೆ ಹಾಕುತ್ತವೆ. ಎದುರಿನ ಎಳೆ ಸರಿಯಾಗಿ ಇರುವದರಿಂದ ಅದನ್ನು ನೋಡಿ ಇನ್ನೊಂದು ಕಿಣ್ವ ಖಾಲಿ ಜಾಗ ತುಂಬುತ್ತದೆ. ಮತ್ತೊಂದು ಕೊನೆಯ ಸಂದಿಯನ್ನು ಕೂಡಿಸುತ್ತದೆ. ಹಗ್ಗಕ್ಕೆ ಎರಡು ಎಳೆ ಇರುವದರ ಲಾಭ ಇದು.

ಈ ರಿಪೇರಿಯ ಬೆಲೆ ಎಷ್ಟೆಂಬುದಕ್ಕೆ ಒಂದು ಲೆಕ್ಕ. ರಿಪೇರಿಯ ಗುಣಗಳನ್ನು ಕಳೆದುಕೊಂಡ ಕೋಲೈ ತಳಿಗೆ ಇಡೀ ಡಿ.ಎನ್.ಎ.ಯಲ್ಲಿ ಒಂದೆರಡು ಬೆಸುಗೆ ಬಿದ್ದರೆ ಸಾಕು, ಸಾಯುತ್ತದೆ. ರಿಪೇರಿ ಸರಿ ಇದ್ದ ತಳಿ ಸಾವಿರಾರು ಬೆಸುಗೆಗಳನ್ನು ತಾಳಿಕೊಳ್ಳುತ್ತದೆ.

ಪೆಟ್ಟು ಮಿತಿ ಮೀರಿದಾಗ ಮೂರನೆಯ ಉಪಾಯವೂ ಉಂಟು. ಮುಳುಗುವ ಹಡಗಿನ ಕೂಗಿನಂತೆ ಇದಕ್ಕೆ ಎಸ್.ಓ.ಎಸ್. ಎಂದು ಹೆಸರು. ಈವ್ಲಿನ್ ವಿಟ್ಕಿನ್ ಮತ್ತು ಮಿರೊಸ್ಲಾವ್ ರಾಡ್ಮನ್ 1970ರ ದಶಕದಲ್ಲಿ ಇದನ್ನು ವಿವರಿಸಿದರು. ಆಗ ಜೀವಾಣು ಬೆಸುಗೆಯ ಎದುರು ಯಾವುದೋ ಒಂದು ಅಕ್ಷರ ಹಾಕಿ ಹೇಗೋ ನಕಲು ಮುಗಿಸುತ್ತದೆ. ಜೀವ ಉಳಿಯಬಹುದು, ಆದರೆ ಬರಹದಲ್ಲಿ ತಪ್ಪು ಸೇರುತ್ತದೆ. ಆ ತಪ್ಪು ಸಂತಾನಕ್ಕೂ ಹೋಗುತ್ತದೆ.

ಇಷ್ಟು ತಿಳಿದ ಮೇಲೆ ಚಾಣಾಕ್ಷ ಸಭಾಸದರೊಬ್ಬರು ಕೇಳಿಯಾರು: ‘ಬಿಸಿಲಿನಲ್ಲಿಯೇ ಮದ್ದು ಇದೆ, ಕತ್ತಲೆಯಲ್ಲಿಯೂ ರಿಪೇರಿ ಇದೆ, ಮತ್ತೆ ನಮಗೇಕೆ ನೆರಳಿನ ಉಸಾಬರಿ?’ ಈ ಎಲ್ಲ ರಿಪೇರಿ ನಡೆಸುವವು ಕಿಣ್ವಗಳು. ಕೋಶದಲ್ಲಿ ನೀರು ಇದ್ದರೆ ಮಾತ್ರ ಅವು ಕೆಲಸ ಮಾಡುತ್ತವೆ. ಕತ್ತರಿಸಿ ತುಂಬುವ ಕೆಲಸಕ್ಕಂತೂ ಆಹಾರದಿಂದ ಬರುವ ಶಕ್ತಿಯೂ ಬೇಕು. ದ್ರಾವಣದಲ್ಲಿ ಅದ್ದಿದ ಕಬ್ಬಿನ ತುಂಡನ್ನು ಬದುವಿನ ಮೇಲೆ ಬಿಸಿಲಿಗೆ ಹರಡಿದರೆ ಮೇಲಿನ ತೇವ ಬೇಗ ಆರಿ ಹೋಗುತ್ತದೆ. ಒಣಗಿದ ಜೀವಾಣುವಿನ ಮೇಲೆ ಬೆಸುಗೆಗಳು ಬೀಳುತ್ತಲೇ ಇರುತ್ತವೆ, ಬಿಡಿಸುವ ಕೈ ಮಾತ್ರ ನಿಂತಿರುತ್ತದೆ. ಇದೇ ತುಂಡನ್ನು ನೆರಳಿನಲ್ಲಿ ಆರಿಸಿ, ಹಸಿ ಸಾಲಿನಲ್ಲಿ ಊರಿ ಮಣ್ಣು ಮುಚ್ಚಿದರೆ, ಒಂದಿಷ್ಟು ಪೆಟ್ಟು ತಿಂದಿದ್ದರೂ ಜೀವಾಣು ರಾತ್ರಿಯೊಳಗೆ ಸುಧಾರಿಸಿಕೊಳ್ಳುತ್ತದೆ. ನೇರಳಾತೀತ ಕಿರಣ ತಡೆಯಲು ಕೆಲವೇ ಮಿಲಿಮೀಟರ್ ಮಣ್ಣು ಸಾಕು. ಅಸೆಟೋಬ್ಯಾಕ್ಟರಂತೂ ಕಬ್ಬಿನ ಒಳಗೇ ವಾಸಿಸುವ ಜೀವಾಣು (1988ರಲ್ಲಿ ಬ್ರಾಝಿಲಿನ ಕಬ್ಬಿನಲ್ಲಿ ಇದನ್ನು ಕಂಡು ಹಿಡಿದರು). ಒಳಗೆ ಸೇರಿದ ಮೇಲೆ ಅದಕ್ಕೆ ಬಿಸಿಲಿನ ಹೆದರಿಕೆ ಇಲ್ಲ. ಹೊರಗಿರುವ ಆ ಕೆಲವು ತಾಸುಗಳೇ ಅದಕ್ಕೆ ಗಂಡಾಂತರ.

ಪಾಕೀಟಿನ ಮಾತು ಬೇರೆ. ಪ್ಲಾಸ್ಟಿಕ್ಕಿನ ಹಾಗೂ ಕಪ್ಪು ಪುಡಿಯ ಒಳಗೆ ಈ ಕಿರಣ ಹೆಚ್ಚು ಹೋಗದು. ಅಲ್ಲಿ ಕೊಲ್ಲುವದು ಶಾಖ. ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ, ಪತ್ರಾಸಿನ ಶೆಡ್ಡಿನಲ್ಲಿ ಪಾಕೀಟು ಇಟ್ಟು ಬಿಸಿಲಿಗೆ ತಾಗಿಲ್ಲ ಎಂದು ಸಮಾಧಾನ ಪಟ್ಟರೆ ಉಪಯೋಗವಿಲ್ಲ.

ಗೊಣ್ಣೆ ಹುಳಕ್ಕೆ, ನಮ್ಮ ಕಡೆ ಹುಮಣಿ ಎನ್ನುವದಕ್ಕೆ, ಹಾಕುವ ಮೆಟಾರೈಝಿಯಂ ಶಿಲೀಂಧ್ರಕ್ಕೂ ಇದೇ ನಿಯಮ. ಅದರ ಹಸಿರು ಬೀಜಕಣ ಬಿಸಿಲಿಗೆ ಮೆತ್ತಗೆ. 2012ರಲ್ಲಿ ಅಮೇರಿಕೆಯ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಉಪ್ಪಿನ ನೀರಿನಲ್ಲಿ ಬಾಳುವ ಒಂದು ಸೂಕ್ಷ್ಮಜೀವಿಯ ಫೋಟೊಲಯೇಸನ್ನು ಇದಕ್ಕೆ ಸೇರಿಸಿ ಬಿಸಿಲು ತಾಳುವಂತೆ ಮಾಡಿದರು. ಅದು ಪ್ರಯೋಗಾಲಯದ ಮಾತು. ನಾವು ಮಾಡತಕ್ಕದ್ದು ಇಷ್ಟೇ: ಕೊಳೆತ ತಿಪ್ಪೆಗೊಬ್ಬರದಲ್ಲಿ ಬೆರೆಸಿ, ಸಂಜೆ ಬುಡಕ್ಕೆ ಹಾಕಿ ಮಣ್ಣು ಏರಿಸುವದು. ಕುಳೆ ಕಬ್ಬಿನಲ್ಲಿ ರವದಿ ಸುಡದೆ ಸಾಲಿನಲ್ಲಿ ಹರಡಿದರೆ ನೆರಳೂ ಆಯಿತು, ತೇವವೂ ಉಳಿಯಿತು.

ತೊಗರಿ, ಕಡಲೆ ಇದ್ದವರು ಕಾಯಿಕೊರಕಕ್ಕೆ ಹೊಡೆಯುವ ಎನ್.ಪಿ.ವಿ. ವಿಷಯದಲ್ಲಿ ಇನ್ನೂ ಜಾಗರೂಕರಾಗಿರಬೇಕು. ಅದು ವೈರಾಣು, ಜೀವಕೋಶವಲ್ಲ. ಹುಳದ ಹೊಟ್ಟೆ ಸೇರುವವರೆಗೆ ಅದಕ್ಕೆ ಯಾವ ರಿಪೇರಿಯೂ ಇಲ್ಲ. ಎಲೆಯ ಮೇಲೆ ಬಿದ್ದ ಪೆಟ್ಟೆಲ್ಲ ಹಾಗೇ ಉಳಿಯುತ್ತದೆ. ಆದುದರಿಂದ ಇದನ್ನು ಸಂಜೆಯೇ ಹೊಡೆಯಬೇಕು. ರಾತ್ರಿಯೆಲ್ಲ ಹುಳ ಮೇಯಲು ಸಮಯ ಸಿಗುತ್ತದೆ. ಲೀಟರು ದ್ರಾವಣಕ್ಕೆ 5 ಗ್ರಾಂ ಬೆಲ್ಲ, 1 ಗ್ರಾಂ ಬಟ್ಟೆಗೆ ಹಾಕುವ ನೀಲಿ ಕೂಡಿಸಬೇಕು. ಬೆಲ್ಲಕ್ಕೆ ಹುಳ ಹೆಚ್ಚು ತಿನ್ನುತ್ತದೆ, ನೀಲಿ ಕಿರಣಕ್ಕೆ ಅಡ್ಡ ನಿಲ್ಲುತ್ತದೆ. 16 ಲೀಟರಿನ ಬೆನ್ನಿನ ಪಂಪಿಗೆ 80 ಗ್ರಾಂ ಬೆಲ್ಲ, 16 ಗ್ರಾಂ ನೀಲಿ. ಎರಡನ್ನೂ ಮೊದಲು ಬೇರೆ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ ಹಾಕಿರಿ. ಇಲ್ಲದಿದ್ದರೆ ನಾಝಲ್ ಕಟ್ಟಿಕೊಳ್ಳುತ್ತದೆ.