ಗಲಭೆಯ ಸುದ್ದಿ ಹಬ್ಬಿದ ದಿನ: ಬಡಾವಣೆಯವರು ಮಾಡಬಾರದ್ದು, ಮಾಡಬೇಕಾದ್ದು

ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಟ್ಟವರು, ಪಿ.ಜಿ. ನಡೆಸುವವರು, ಹೋಟೆಲಿನವರು, ಸೆಕ್ಯುರಿಟಿ ಏಜೆನ್ಸಿಯವರು ಇದನ್ನು ಓದಲೇಬೇಕು. ಹೊರಗಿನಿಂದ ಬಂದು ದುಡಿಯುವವರು ಭಯವಾದಾಗ ಮೊದಲು ನೋಡುವುದು ನಿಮ್ಮ ಮುಖವನ್ನು. ಪೊಲೀಸರು ಆಮೇಲೆ.

ಮಾಡಬಾರದ್ದು

“ನಮಗ್ಯಾಕೆ ರಗಳೆ, ಒಂದ್ವಾರ ಊರಿಗೆ ಹೋಗ್ಬಾರಪ್ಪ” ಎನ್ನಬೇಡಿ. ಕಾಳಜಿಯಿಂದಲೂ ಬೇಡ. 2012ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಕಡೆ ಬೋಡೊಗಳಿಗೂ ಮುಸ್ಲಿಮರಿಗೂ ಘರ್ಷಣೆಯಾಯಿತು. ಅದರ ಸೇಡನ್ನು ಬೆಂಗಳೂರಿನಲ್ಲಿ ತೀರಿಸಿಕೊಳ್ಳುತ್ತಾರೆ ಎಂಬ ಎಸ್ಸೆಮ್ಮೆಸ್ ಆಗಸ್ಟ್‌ನಲ್ಲಿ ಹರಿದಾಡಿತು. ಹೆದರಿಸಿದಂಥ ಮಾರಣಹೋಮ ನಡೆಯಲಿಲ್ಲ. ಆದರೂ ಈಶಾನ್ಯದ ಸಾವಿರಾರು ಹುಡುಗ ಹುಡುಗಿಯರು ಗುವಾಹಟಿ ರೈಲು ಹತ್ತಿದರು, ರೈಲ್ವೆಯವರು ವಿಶೇಷ ರೈಲು ಬಿಡಬೇಕಾಯಿತು. ದಿನಕ್ಕೆ 5 ಎಸ್ಸೆಮ್ಮೆಸ್‌ಗಿಂತ ಹೆಚ್ಚು ಕಳಿಸುವಂತಿಲ್ಲ ಎಂದು ಕೇಂದ್ರ ಸರ್ಕಾರ ಕಡಿವಾಣ ಹಾಕಿದ್ದು ಅರ್ಧ ಊರಿಗೆ ಸುದ್ದಿ ಮುಟ್ಟಿದ ಮೇಲೆ. ಮುಖ್ಯಮಂತ್ರಿಗಳ ಭರವಸೆಗಿಂತ ಅಪ್ಪ ಅಮ್ಮನ ಫೋನಿಗೆ ತೂಕ ಹೆಚ್ಚು, ಅದು ಸಹಜ. ಇಲ್ಲಿ ಓನರ್ ಕೂಡ ಹೋಗು ಎಂದರೆ ಆ ಹುಡುಗ ಯಾರನ್ನು ನಂಬಿ ಉಳಿಯಬೇಕು?

ಹೊಡೆಯುವ ವಿಡಿಯೋವನ್ನು ಯಾವ ಗ್ರೂಪಿಗೂ ಹಾಕಬೇಡಿ, ಖಂಡಿಸುವ ನೆಪದಲ್ಲೂ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆ ಹೀಗೇ ಬೆಳೆಯಿತು. ಬೆಂಗಳೂರಿನಲ್ಲಿ ತಮಿಳು ತರುಣನಿಗೆ ಹೊಡೆದ ವಿಡಿಯೋ ತಮಿಳುನಾಡಿಗೆ ಹೋಯಿತು. ರಾಮೇಶ್ವರದಲ್ಲಿ ಕರ್ನಾಟಕದ ಚಾಲಕನಿಗೆ ಹೊಡೆದ ವಿಡಿಯೋ ಇಲ್ಲಿಗೆ ಬಂತು. 12ರ ಮಧ್ಯಾಹ್ನ ತಮಿಳುನಾಡು ನಂಬರಿನ ಬಸ್ಸು, ಲಾರಿಗಳು ಉರಿಯತೊಡಗಿದವು. ರಾತ್ರಿ ನಗರದ 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ. ಹಂಚಿದವರಲ್ಲಿ ಎಷ್ಟೋ ಮಂದಿ “ಛೇ, ಹೀಗಾಗಬಾರದಿತ್ತು” ಎಂದೇ ಹಂಚಿರಬೇಕು.

“ಎಲ್ಲಿ, ಕನ್ನಡ ಮಾತಾಡು ನೋಡೋಣ” ಎಂದು ದಾರಿಯಲ್ಲಿ ಯಾರನ್ನೂ ನಿಲ್ಲಿಸಬೇಡಿ. ಕನ್ನಡ ಕಲಿಸುವುದಿದ್ದರೆ ಬೇರೆ ದಿನಗಳಿವೆ.

ಹೊಸಬರನ್ನು ಹಿಡಿದು ವಿಚಾರಿಸುವುದು ನಿಮ್ಮ ಕೆಲಸವಲ್ಲ. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂದು ಗುಂಪೊಂದು ಹೊಡೆದು ಕೊಂದದ್ದು ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ನೌಕರನನ್ನು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಸಾಕಾಗಿತ್ತು.

ಮಾಡಬೇಕಾದ್ದು

ವಿಡಿಯೋ, ಸ್ಕ್ರೀನ್‌ಶಾಟ್, ಕಳಿಸಿದವರ ನಂಬರ್ ತೆಗೆದಿಟ್ಟು ಪೊಲೀಸರಿಗೆ ಮಾತ್ರ ಕೊಡಿ. ಸುಳ್ಳು ಸುದ್ದಿ ಹಬ್ಬಿಸಿ ಜನರಲ್ಲಿ ದ್ವೇಷ ಎಬ್ಬಿಸಿದರೆ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಮಿನಡಿ 3 ವರ್ಷದವರೆಗೆ ಜೈಲು. “ಬಂದಿದ್ದನ್ನು ಕಳಿಸಿದ್ದೇನೆ ಅಷ್ಟೆ” ಎಂಬ ಸಾಲು ಸೇರಿಸಿದ ಮಾತ್ರಕ್ಕೆ ಪಾರಾಗುವುದಿಲ್ಲ.

112ಕ್ಕೆ ಫೋನ್ ಮಾಡಿದಾಗ ಜಾಗ, ಗುಂಪಿನ ಗಾತ್ರ, ಗಾಡಿ ನಂಬರ್ ಹೇಳಿ. ಅವರು ಯಾವ ಜನ ಎಂಬ ನಿಮ್ಮ ಊಹೆ ಬೇಡ.

ಏಟು ತಿಂದವರ ಜೊತೆ ಕನ್ನಡ ಬಲ್ಲವರೊಬ್ಬರು ಠಾಣೆಗೆ ಹೋಗಿ. “ನಮ್ಮ ಲಿಮಿಟ್ಸ್ ಅಲ್ಲ” ಎಂದರೆ, ಘಟನೆ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ಜೀರೋ ಎಫ್‌ಐಆರ್ ಕೇಳಿ. ಅಪರಾಧ ಪ್ರಕ್ರಿಯೆಯ ಹೊಸ ಕಾನೂನು ಅದಕ್ಕೆ ಸ್ಪಷ್ಟ ಅವಕಾಶ ಕೊಟ್ಟಿದೆ.

ರಾತ್ರಿ ಪಾಳಿ ಮುಗಿಸಿದವರನ್ನು ಒಬ್ಬೊಬ್ಬರನ್ನೇ ಕಳಿಸಬೇಡಿ. ಗಾಡಿ ಮಾಡಿ, ಇಲ್ಲವೇ ಬೆಳಗಾಗುವವರೆಗೆ ಒಳಗೇ ಮಲಗಲು ಜಾಗ ಕೊಡಿ.

ಹೋಗಿಯೇ ತೀರುತ್ತೇವೆ ಎನ್ನುವವರನ್ನು ತಡೆಯಬೇಡಿ. ಬಾಕಿ ಸಂಬಳವನ್ನು ಅಂದೇ ಎಣಿಸಿ ಕೊಡಿ. ಅವರ ಕೋಣೆಯನ್ನು ಒಂದು ತಿಂಗಳು ಬೇರೆಯವರಿಗೆ ಬಾಡಿಗೆಗೆ ಕೊಡಬೇಡಿ, ಆ ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲೂಬೇಡಿ.